ಒಂದು ಗೆರೆ ಊರಿಗೆ

ನಮ್ಮ ಊರಿನಲ್ಲಿ ಪೇರಲ ಗಿಡ ಇಲ್ಲ. ಮೊದಲು ಇತ್ತು. ವಿಶ್ವವಿದ್ಯಾಲಯ ಶುರುವಾದ ಹೊಸತರಲ್ಲಿ ಜೀವಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರು ಒಂದು ಮಧ್ಯಾಹ್ನ ಪೇರಲದ ಟೊಂಗೆಯೊಂದನ್ನು ಎದುರಿಗಿಟ್ಟುಕೊಂಡು, ಎಲೆಯ ನರದಿಂದ ಹಿಡಿದು ಕಾಯಿಯ ಬೀಜದವರೆಗೆ ಒಂದನ್ನೂ ಬಿಡದೆ ಚಿತ್ರ ಬರೆದರು, ಭಾಗಗಳನ್ನು ಹೆಸರಿಸಿದರು, ಕೆಳಗೆ ತಾರೀಖು ಹಾಕಿ ಮನೆಗೆ ಹೋಗಿ ಊಟ ಮಾಡಿದರು. ಮರುದಿನ ಬೆಳಗ್ಗೆ ಊರಿನ ಯಾವ ಹಿತ್ತಿಲಲ್ಲೂ ಪೇರಲ ಇರಲಿಲ್ಲ. ಗಿಡವಿದ್ದ ಕಡೆ ಗುಂಡಿಯೂ ಬಿದ್ದಿರಲಿಲ್ಲ, ನೆಲ ಸಪಾಟಾಗಿತ್ತು. ಈಗ ಸಂತೆಗೆ ಹೊರಗಿನಿಂದ ಹಣ್ಣು ಬರುತ್ತದೆ, ತಿನ್ನುತ್ತೇವೆ. ಬೀಜ ಉಗಿದರೆ ಮೊಳೆಯುವುದಿಲ್ಲ. ಆ ಚಿತ್ರ ವಿಭಾಗದ ಗೋಡೆಯ ಮೇಲೆ ಇನ್ನೂ ಇದೆ. ಬಹಳ ಚೆಂದದ ಚಿತ್ರ. ಒಂದೆರಡು ಎಲೆಗಳನ್ನು ರಬ್ಬರಿನಿಂದ ಅಳಿಸಿ ನೋಡಿದವರೂ ಇದ್ದಾರೆ. ಗಿಡ ಬರಲಿಲ್ಲ, ಕಾಗದ ಸವೆಯಿತು.

ಹಲ್ಲಿಯ ಕತೆ ಬೇರೆ. ಅದನ್ನು ಬೇಕೆಂದೇ ಬರೆದದ್ದು. ಹಿಂದಿನ ಕುಲಪತಿಯೊಬ್ಬರ ಮನೆಯವರಿಗೆ ಹಲ್ಲಿ ಕಂಡರೆ ಆಗುತ್ತಿರಲಿಲ್ಲವಂತೆ. ಆರು ತಿಂಗಳು ಊರೆಲ್ಲ ಖುಷಿಪಟ್ಟಿತು; ಏಳನೆಯ ತಿಂಗಳಿನಿಂದ ದೀಪದ ಹುಳಗಳನ್ನು ಮೊರದಲ್ಲಿ ತುಂಬಿ ಚೆಲ್ಲುತ್ತಿದ್ದೇವೆ. ಸೊಳ್ಳೆಯನ್ನು ಬರೆದುಕೊಡಿ ಎಂದು ನಗರಸಭೆಯಿಂದ ಪ್ರತಿ ಮಳೆಗಾಲಕ್ಕೆ ಒಂದು ಪತ್ರ ಬರುತ್ತದೆ. ನಾವೂ ಕೂರುತ್ತೇವೆ, ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕುತ್ತಿಗೆ ನೋಯುವವರೆಗೆ ಬರೆಯುತ್ತೇವೆ. ಸೊಳ್ಳೆಗೆ ಯಾವಾಗಲೂ ಇನ್ನೊಂದು ಕೂದಲು ಇರುತ್ತದೆ. ‘ಪ್ರಯತ್ನ ಜಾರಿಯಲ್ಲಿದೆ’ ಎಂದು ಉತ್ತರ ಕಳಿಸಿ, ಕಚ್ಚಿದಲ್ಲಿ ಕೆರೆದುಕೊಳ್ಳುತ್ತ ಮನೆಗೆ ಹೋಗುತ್ತೇವೆ.

ನಾನು ಸಂಗಪ್ಪ ಮೆಣಸಿನಕಾಯಿ. ಈ ವಿಭಾಗದಲ್ಲಿ ಮೂವತ್ತೊಂದು ವರ್ಷದಿಂದ ಪ್ರಾಯೋಗಿಕ ತರಗತಿ ನಡೆಸುತ್ತಿದ್ದೇನೆ. ಬೇರೆ ಊರುಗಳಲ್ಲಿ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತಾರೆ, ನಾನು ಬಿಡುವುದನ್ನು ಕಲಿಸುತ್ತೇನೆ. ಅಚ್ಚಿನ ಪುಸ್ತಕದ ಚಿತ್ರದಿಂದ ಏನೂ ಆಗುವುದಿಲ್ಲ. ಆದರೆ ನಮ್ಮ ಊರಿನಲ್ಲಿ ಕೂತು, ಜೀವವನ್ನು ಎದುರಿಗಿಟ್ಟುಕೊಂಡು ಕೈಯಿಂದ ಬರೆಯುವ ಚಿತ್ರದಲ್ಲಿ ಒಂದು ಗೆರೆ ಬಾಕಿ ಇರಲೇಬೇಕು. ಯಾವುದಕ್ಕೆ ಯಾವ ಗೆರೆ ಎಂದು ಎಲ್ಲಿಯೂ ಬರೆದಿಟ್ಟಿಲ್ಲ, ಬಾಯಿಂದಲೇ ಹೇಳಬೇಕು. ಜಿರಲೆಗೆ ಎಡಗಡೆಯ ಹಿಂಗಾಲಿನ ಕೊನೆಯ ಮುಳ್ಳು. ದಾಸವಾಳಕ್ಕೆ ತುದಿಯಿಂದ ಎಣಿಸಿದರೆ ಏಳನೆಯ ಕೇಸರ. ಕಪ್ಪು ಹಲಗೆಯ ಮೇಲೆ ನಾನು ಬರೆಯುವಾಗ ಕೊನೆಯ ಗೆರೆ ಬರುತ್ತಲೇ ಇಡೀ ತರಗತಿ ಒಂದೇ ದನಿಯಲ್ಲಿ “ಸಾಕ್ರಿ ಸರ” ಅನ್ನುತ್ತದೆ. ನಾನು ಸೀಮೆಸುಣ್ಣ ಕೆಳಗಿಡುತ್ತೇನೆ.

ಸಂಶೋಧನೆಯೂ ಹೀಗೆಯೇ ನಡೆಯುತ್ತದೆ. ನಮ್ಮ ವಿಭಾಗದ ಮುಖ್ಯಸ್ಥೆ ಹಂಚಿನಮನಿ ಬಾಯಾರು ಕೆರೆಯ ಬಸವನಹುಳುವಿನ ಮೇಲೆ ಹದಿನಾಲ್ಕು ವರ್ಷ ದುಡಿದಿದ್ದಾರೆ. ಅವರ ಲೇಖನ ಹೊರಗಿನ ಪತ್ರಿಕೆಗಳಿಂದ ‘ಚಿತ್ರ ಅಪೂರ್ಣ’ ಎಂಬ ಚೀಟಿ ಹೊತ್ತು ವಾಪಸ್ ಬರುತ್ತದೆ. ಬಾಯಾರು ಚೀಟಿ ಕಿತ್ತು, ಅದೇ ಚಿತ್ರವನ್ನು ಇನ್ನೊಂದು ಪತ್ರಿಕೆಗೆ ಕಳಿಸುತ್ತಾರೆ. ಒಮ್ಮೆ ನಾನು ಬೇಸರ ಆಗುವುದಿಲ್ಲವೇ ಎಂದು ಕೇಳಿದೆ. “ಹುಳಾ ಐತಲ್ರಿ ಕೆರ್‍ಯಾಗ, ಸಾಕಲಾ” ಅಂದರು.

ವಿದ್ಯಾರ್ಥಿಗಳಿಗೆ ಮಾತ್ರ ಅಷ್ಟು ಸುಲಭವಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹೊರಗಿನ ವಿಶ್ವವಿದ್ಯಾಲಯದಿಂದ ಪರೀಕ್ಷಕರು ಬರುತ್ತಾರೆ. ‘ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ’ ಎಂದು ಪ್ರಶ್ನೆ ಇರುತ್ತದೆ, ಬಿಟ್ಟ ಗೆರೆಗೆ ಅವರು ಅಂಕ ಕಡಿಯುತ್ತಾರೆ. ನಾನು ಸೇರಿದ ಮೊದಲ ವರ್ಷಗಳಲ್ಲಿ ಚೆನ್ನಾಗಿ ಬರೆದವರಿಗೆ ನಲವತ್ತಕ್ಕೆ ಮೂವತ್ತೊಂಬತ್ತು ಬರುತ್ತಿತ್ತು. ಆಮೇಲೆ ಹೊರಗಿನವರು ಬಿಗಿಯಾದರು. ಈಗ ಹತ್ತೊಂಬತ್ತು ವರ್ಷಗಳಿಂದ ಎಷ್ಟೇ ಜಾಣ ಹುಡುಗನಾದರೂ ಮೂವತ್ತೆಂಟರ ಮೇಲೆ ಏರಿದ್ದಿಲ್ಲ. ಒಂದು ಗೆರೆಗೆ ಎರಡು ಅಂಕ ಕಡಿಯುವ ನ್ಯಾಯ ಎಲ್ಲಿಯದು ಎಂದು ನಾನು ಸಿಬ್ಬಂದಿ ಸಭೆಯಲ್ಲಿ ಪ್ರತಿ ವರ್ಷ ಎದ್ದು ನಿಂತು ಕೇಳುತ್ತಿದ್ದೆ. ಎಲ್ಲರೂ ಸೇರಿ ಚಹಾ ತರಿಸುತ್ತಿದ್ದರು.

ನನ್ನ ಸಹಿಯ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ರೆಕಾರ್ಡ್ ಪುಸ್ತಕ ಇರಲಿ, ಪರೀಕ್ಷೆಯ ಹಾಳೆ ಇರಲಿ, ಚಿತ್ರದ ಕೆಳಗೆ ನಾನು ಸಹಿ ಮಾಡಬೇಕು. ಬಿಟ್ಟ ಗೆರೆ ಕಾಣುವವರೆಗೆ ಹುಡುಕುತ್ತೇನೆ, ಕಂಡಿತೋ ಮಸಿಯ ಪೆನ್ನು ತೆಗೆಯುತ್ತೇನೆ. ‘ಮೆಣಸಿನಕಾಯಿ’ ಎಂದು ಪೂರ್ತಿ ಬರೆದು, ಕೊನೆಯ ಅಕ್ಷರದಿಂದ ಒಂದು ಗೆರೆಯನ್ನು ಬಲಕ್ಕೆ ಮೇಲ್ಮುಖವಾಗಿ ಎಳೆಯುವುದು ನನ್ನ ರೂಢಿ. ಆ ಗೆರೆ ಚಿತ್ರದ ಒಳಗೂ ಸ್ವಲ್ಪ ಹೋಗುತ್ತದೆ. ಹುಡುಗರು ಅದಕ್ಕೆ ‘ಸರ್‍ರ ತೊಟ್ಟು’ ಎಂದು ಹೆಸರಿಟ್ಟಿದ್ದು ನನಗೆ ಗೊತ್ತಿತ್ತು, ಒಳಗೊಳಗೆ ಹೆಮ್ಮೆಯೂ ಇತ್ತು. ನನ್ನ ಸಹಿಯನ್ನು ಯಾರೂ ನಕಲು ಮಾಡಲಾರರು ಎಂದು ಹೇಳಿಕೊಂಡು ತಿರುಗಿದವನು ನಾನು.

ನನ್ನ ಕೈಯಲ್ಲಿ ಇಷ್ಟು ವರ್ಷಗಳಲ್ಲಿ ಒಂದೇ ಒಂದು ಅನಾಹುತವಾಗಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಈರಪ್ಪ ಕಮ್ಮಾರ ಎಂಬ ವಿದ್ಯಾರ್ಥಿ ತನ್ನ ರೆಕಾರ್ಡಿನಲ್ಲಿ ಬೆಂಡೆಯ ಹೂವನ್ನು ಬರೆದ. ಮರುದಿನ ಊರಿನ ತೋಟಗಳಲ್ಲಿ ಬೆಂಡೆ ಇರಲಿಲ್ಲ. “ನಾ ಗೆರಿ ಬಿಟ್ಟೀನ್ರಿ ಸರ, ದೇವರಾಣಿ ಬಿಟ್ಟೀನಿ” ಎಂದು ಹುಡುಗ ಅತ್ತ. ನಾನು ಪುಸ್ತಕ ತೆಗೆದು ನೋಡಿದೆ. ಖಾಲಿ ಜಾಗ ಎಲ್ಲಿಯೂ ಕಾಣಲಿಲ್ಲ. ಕಂಡದ್ದನ್ನು ಕಂಡ ಹಾಗೆ ಹೇಳಿದೆ. ರೆಕಾರ್ಡಿಗೆ ಸೊನ್ನೆ ಹಾಕಿದೆ. ಆ ವರ್ಷ ಅವನು ಓದು ಬಿಟ್ಟು, ಬಸ್ ನಿಲ್ದಾಣದ ಎದುರಿಗೆ ಸೈಕಲ್ ರಿಪೇರಿ ಅಂಗಡಿ ಇಟ್ಟ. ಊರು ಅವನನ್ನು ಇಂದಿಗೂ ‘ಬೆಂಡಿ ಈರಪ್ಪ’ ಅನ್ನುತ್ತದೆ. ಮದುವೆಯ ಮಾತುಕತೆಯಲ್ಲೂ ಅದೇ ಹೆಸರು ಓಡಾಡಿತಂತೆ. ನಾನು ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ, ಗಾಳಿ ಹಾಕಿಸಲು ಬೇರೆ ಅಂಗಡಿ ನೋಡಿಕೊಂಡೆ.

ಈ ವರ್ಷದ ತಂಡದಲ್ಲಿ ನೀಲವ್ವ ಹೂಗಾರ ಇದ್ದಳು. ಅವಳಂಥ ಕೈ ನಾನು ನೋಡಿದ್ದಿಲ್ಲ. ಪೆನ್ಸಿಲು ಕಾಗದಕ್ಕೆ ಮುಟ್ಟಿತೆಂದರೆ ಎಲೆಯ ಅಂಚು ನಡುಗುವುದು ಕಾಣುತ್ತಿತ್ತು. ಹೊರಗಿನ ದೊಡ್ಡ ಸಂಶೋಧನಾಲಯವೊಂದು ಅವಳ ಅರ್ಜಿ ನೋಡಿ ಪತ್ರ ಬರೆದಿತ್ತು: ಪ್ರಾಯೋಗಿಕದಲ್ಲಿ ಮೂವತ್ತೊಂಬತ್ತು ಅಥವಾ ಹೆಚ್ಚು ಬಂದರೆ ಸೀಟು, ಊಟ ವಸತಿ ಎಲ್ಲವೂ ಅವರದೇ. ಪತ್ರವನ್ನು ಅವಳು ನನಗೆ ತೋರಿಸಿ ಮಡಚಿ ಇಟ್ಟುಕೊಂಡಳು. ನಮ್ಮ ವಿಭಾಗದಿಂದ ಇಂಥ ಕಡೆಗೆ ಯಾರೂ ಹೋದದ್ದಿಲ್ಲ. ಅವಳು ಹೋಗಬೇಕು ಎಂದು ನನಗೆ ತುಂಬಾ ಆಸೆ ಇತ್ತು, ನನ್ನ ಸ್ವಂತ ಮಗಳಿಗಾಗಿಯೂ ಅಷ್ಟು ಆಸೆಪಟ್ಟಿರಲಿಲ್ಲ.

ಪರೀಕ್ಷೆಯ ದಿನ ಯಾರಿಗೆ ಯಾವ ಜೀವ ಎಂಬುದನ್ನು ಚೀಟಿ ಎತ್ತಿಸಿ ನಿರ್ಧರಿಸುತ್ತೇವೆ. ನೀಲವ್ವನ ಚೀಟಿಯಲ್ಲಿ ಕಟ್ಟೆಹೂವು ಬಂತು. ಊರ ಬಾವಿಯ ಕಲ್ಲುಸಂದಿಗಳಲ್ಲಿ ಬಿಟ್ಟರೆ ಬೇರೆಲ್ಲೂ ಬೆಳೆಯದ ಹೂವು ಅದು, ಬಿಳಿ ಎಸಳು, ನಡುವೆ ಅರಿಶಿನದ ಚುಕ್ಕಿ. ಅವಳ ಅವ್ವ ಗಂಗವ್ವ ಸಂತೆಯ ಬಾಗಿಲಲ್ಲಿ ಕೂತು ಇಪ್ಪತ್ತು ವರ್ಷದಿಂದ ಕಟ್ಟಿ ಮಾರುವುದು ಅದೊಂದನ್ನೇ. ನೀಲವ್ವ ಚೀಟಿಯನ್ನು ಓದಿ, ತನ್ನ ಮೇಜಿಗೆ ಹೋಗಿ ಕೂತಳು. ಮೂರು ತಾಸು ತಲೆ ಎತ್ತಲಿಲ್ಲ.

ಈ ಸಲ ಬಂದ ಪರೀಕ್ಷಕರು ವಯಸ್ಸಾದವರು, ಮೃದು ಮಾತಿನವರು, ಹೊರಗಿನ ಕನ್ನಡ. ನೀಲವ್ವನ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. “ಇಂಥ ಕೆಲಸ ನಮ್ಮ ಕಡೆಯೂ ಯಾರೂ ಮಾಡಲ್ಲ” ಅಂದರು. ಆಮೇಲೆ ಅವಳನ್ನೇ ಕರೆದರು.

“ನೋಡಮ್ಮಾ, ಸಮಯ ಇದೆ. ಬಿಟ್ಟಿದ್ದನ್ನ ತುಂಬಿಬಿಡು. ನಲವತ್ತು ಕೊಡ್ತೀನಿ.”

“ಬ್ಯಾಡ್ರಿ ಸರ” ಅಂದಳು ನೀಲವ್ವ.

“ಯಾಕೆ?”

“ನಾಳೆ ನಮ್ಮವ್ವ ಏನ ಕಟ್ಟಬೇಕ್ರಿ?”

ಅವರಿಗೆ ತಿಳಿಯಲಿಲ್ಲ. ತಿಳಿಸುವ ಗೋಜಿಗೆ ಅವಳೂ ಹೋಗಲಿಲ್ಲ, ನಮಸ್ಕಾರ ಮಾಡಿ ಹೊರಗೆ ಹೋದಳು. ಅವರು ಹಾಳೆಯ ಮೇಲೆ ಮೂವತ್ತೆಂಟು ಎಂದು ಬರೆದರು. ನನಗೆ ತಡೆಯಲಾಗಲಿಲ್ಲ.

“ಸರ, ಬಿಟ್ಟಿರೂದು ಒಂದ ಗೆರಿ. ಒಂದ ಅಂಕ ಕಡೀರಿ. ಹುಡುಗಿ ಜೀವನದ ಪ್ರಶ್ನೆ ಐತಿ.”

“ಒಂದಕ್ಕೆ ಒಂದೇ ಕಡಿಯೋದು ಮೆಣಸಿನಕಾಯಿಯವರೇ. ನೀವೇ ಎಣಿಸಿ ನೋಡಿ” ಎಂದು ಹಾಳೆಯನ್ನು ನನ್ನ ಕಡೆ ತಳ್ಳಿದರು.

ನಾನು ಎಣಿಸಲಿಲ್ಲ. ಮೂವತ್ತೊಂದು ವರ್ಷ ಬಿಟ್ಟ ಗೆರೆ ಹುಡುಕಿದವನಿಗೆ ಎಣಿಸು ಎಂದು ಹೇಳುವುದೇ? ಕಟ್ಟೆಹೂವಿಗೆ ಬಲಗಡೆಯ ಕೆಳಗಿನ ಕೇಸರದ ದಾರ ಬಿಡಬೇಕು. ನಾನೇ ಅವಳ ಕಿವಿಯಲ್ಲಿ ಹೇಳಿದ್ದು. ಅಲ್ಲಿ ನೋಡಿದೆ, ದಾರ ಇರಲಿಲ್ಲ. ಅಷ್ಟೇ ಸಾಕು. ಸಿಟ್ಟಿನಲ್ಲಿ ಪೆನ್ನು ತೆಗೆದು ಸಹಿ ಮಾಡಿದೆ. ತೊಟ್ಟನ್ನು ದಿನಕ್ಕಿಂತ ಜೋರಾಗಿ ಎಳೆದೆ. ಹಾಳೆಗಳನ್ನು ಕಟ್ಟಿ, ಅರಗು ಹಚ್ಚಿ, ಮುದ್ರೆ ಒತ್ತಿದೆವು. ಪರೀಕ್ಷಕರು ನಾಲ್ಕು ಗಂಟೆಯ ಬಸ್ಸಿಗೆ ಹೋದರು.

ಮರುದಿನ ಬೆಳಗ್ಗೆ ಹಲ್ಲುಜ್ಜುತ್ತಿದ್ದೆ. ಬಚ್ಚಲ ಗೋಡೆಯ ಮೇಲೆ ನೀರು ಹರಿದು ಒಂದು ಕಲೆ ಆಗಿತ್ತು, ಕೆಳಗಿನಿಂದ ಬಲಕ್ಕೆ ಮೇಲೇರಿದ ಕಲೆ. ಅದನ್ನು ನೋಡುತ್ತ ನೋಡುತ್ತ ನನ್ನ ಕೈ ನಿಂತಿತು. ಹಾಳೆಯ ಕೆಳಗೆ ಸಹಿ. ಸಹಿಯಿಂದ ಬಲಕ್ಕೆ ಮೇಲೇರಿದ ತೊಟ್ಟು. ಬಲಗಡೆಯ ಕೆಳಗಿನ ಕೇಸರ. ದಾರ ಇರಬೇಕಾದ ಜಾಗ ಯಾವುದೋ ಅದೇ ಜಾಗದಲ್ಲಿ, ದಾರದ ಅಷ್ಟೇ ಬಾಗಿನಲ್ಲಿ, ನನ್ನ ಮಸಿ ಹರಿದಿತ್ತು. ಅವಳು ಬಿಟ್ಟ ಗೆರೆಯನ್ನು ನಾನು ತುಂಬಿದ್ದೆ.

ಮುಖ ತೊಳೆಯದೆ ಸೈಕಲ್ ಹತ್ತಿದೆ. ದಾರಿಯಲ್ಲಿ ಗಂಗವ್ವನಿಗೆ ಏನು ಹೇಳಬೇಕೆಂದು ಯೋಚಿಸಿದೆ. ಬೆಂಡೆಯೂ ನೆನಪಾಯಿತು. ನೆನಪಾಗಬಾರದಿತ್ತು, ಆದರೆ ಒಮ್ಮೆ ಬಂದದ್ದು ಹೋಗಲಿಲ್ಲ. ಈರಪ್ಪನ ಪುಸ್ತಕಕ್ಕೆ ಸಹಿ ಮಾಡುವಾಗ ಬಿಟ್ಟ ಗೆರೆ ಕಂಡೇ ಇರಬೇಕು, ಆ ದಿನದ ರಾಶಿಯಲ್ಲಿ ಮರೆತಿದ್ದೆ; ಮರುದಿನ ನಾನು ಖಾಲಿ ಜಾಗ ಹುಡುಕಿದ್ದು ಸಹಿ ಮಾಡಿದ ಮೇಲೆ.

ಸಂತೆಯ ಬಾಗಿಲಲ್ಲಿ ಗಂಗವ್ವ ಕೂತಿದ್ದಳು. ಎದುರಿಗಿನ ಬುಟ್ಟಿಯ ತುಂಬ ಕಟ್ಟೆಹೂವು ಇತ್ತು, ಬಿಳಿ ಎಸಳು, ನಡುವೆ ಅರಿಶಿನದ ಚುಕ್ಕಿ. ಪಕ್ಕದಲ್ಲಿ ನೀಲವ್ವ ಕಾಲಿನ ಹೆಬ್ಬೆರಳಿಗೆ ದಾರ ಸಿಕ್ಕಿಸಿಕೊಂಡು ಮಾಲೆ ಕಟ್ಟುತ್ತಿದ್ದಳು. ನಾನು ಸೈಕಲ್ಲನ್ನು ಗೋಡೆಗೆ ಆನಿಸಿ, ಅಲ್ಲಿಯೇ ಕಲ್ಲಿನ ಮೇಲೆ ಕೂತೆ.

“ಯಾಕ್ರಿ ಸರ, ಬಾಯಾಗಿನ ಪೇಸ್ಟ ಸುದ್ದಾ ಉಗುಳಿಲ್ಲ ನೀವು” ಅಂದಳು ನೀಲವ್ವ. ಅವ್ವನ ಚೊಂಬು ಮುಂದೆ ಮಾಡಿದಳು.

ಬಾಯಿ ಮುಕ್ಕಳಿಸಿ ಉಗುಳಿದೆ. “ನನ್ನ ಸಹಿ ನಿನ್ನ ದಾರದ ಮ್ಯಾಲ ಬಿದ್ದೈತಿ ತಂಗಿ. ಹೂವು ಹ್ಯಾಂಗ ಉಳೀತು?”

ಅವಳು ಅವ್ವನ ಮುಖ ನೋಡಿದಳು. ಗಂಗವ್ವ ಹೂವಿಗೆ ನೀರು ಚಿಮುಕಿಸುತ್ತ, ಇನ್ನು ಹೇಳಿಬಿಡು ಎಂಬಂತೆ ಗದ್ದ ಎತ್ತಿದಳು.

“ನಾ ಎರಡು ಬಿಟ್ಟಿದ್ನಿರಿ” ಅಂದಳು ನೀಲವ್ವ. “ಎಡಗಡೆ ಮ್ಯಾಲಿನ ಎಸಳಿನಾಗ ಒಂದು ನರಾ. ಅಲ್ಲೀತನಕ ನಿಮ್ಮ ತೊಟ್ಟು ಮುಟ್ಟೂದಿಲ್ಲ. ನಾವೆಲ್ಲಾರೂ ಎರಡ ಬಿಡ್ತೀವ್ರಿ. ಒಂದು ಗೆರಿ ಊರಿಗೆ, ಒಂದು ಗೆರಿ ಸರಗ ಅಂತ.”

“ಎಲ್ಲಾರೂ ಅಂದ್ರ?”

“ಎಲ್ಲಾ ವರ್ಷದವ್ರೂ.”

ಒಂದಕ್ಕೆ ಒಂದೇ ಕಡಿಯುವುದು ಎಂದು ಆ ಪರೀಕ್ಷಕರು ಹೇಳಿದ್ದು ನೆನಪಾಯಿತು. ಹೊರಗಿನವರು ಯಾವತ್ತೂ ಬಿಗಿಯಾಗಿರಲಿಲ್ಲ. ಒಂದು ಗೆರೆ ಬಿಟ್ಟಿದ್ದರೆ ಅವಳಿಗೆ ಮೂವತ್ತೊಂಬತ್ತು ಬರುತ್ತಿತ್ತು.

“ನನಗ ಹೇಳಬೇಕಿತ್ತಲ್ಲ ತಂಗಿ. ನಾ ಸಣ್ಣ ಸಹಿ ಮಾಡ್ತಿದ್ನಿ.”

“ಹೇಳಬಾರದು ಅಂತ ಆಣಿ ಐತ್ರಿ. ಮೊದಲ್ನೇ ವರ್ಷಕ್ಕ ಬರೂ ಮುಂದ ಎಲ್ಲಾರ ಕಡಿಂದ ಆಣಿ ಮಾಡಸ್ಕೋತಾರ ಈರಪ್ಪ ಕಾಕಾ. ಸೈಕಲ್ ಅಂಗಡ್ಯಾಗ. ಗೆರಿ ಎಲ್ಲಿ ಬಿಡಬೇಕಂತ ಅವ್ರ ತೋರಸ್ತಾರ.” ಅವಳು ದಾರ ಬಿಗಿದು ಗಂಟು ಹಾಕಿದಳು. “ನಾ ಬಾಳ ವಿಚಾರ ಮಾಡೀನ್ರಿ. ನಿಮಗ ಹೇಳಿದ್ರ ಸೀಟ್ ಸಿಗ್ತಿತ್ತು, ಆಣಿ ಹೋಗ್ತಿತ್ತು. ನೀವು ಹೇಳಿದ ಗೆರಿ ಬಿಡದಿದ್ರ ನೀವು ಸಹಿ ಮಾಡ್ತಿರ್ಲಿಲ್ಲ, ಹೇಳದ ಅದೊಂದನ್ನ ಬಿಟ್ಟಿದ್ರ ಹೂವ ಹೋಗ್ತಿತ್ತು. ಇದ ಚಲೋ ಅನ್ನಿಸ್ತು.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ಗಂಗವ್ವ ಒಂದು ಮೊಳ ಹೂವು ಕತ್ತರಿಸಿ, ಮನ್ಯಾಗ ಅಕ್ಕಾರಿಗೆ ಕೊಡ್ರಿ ಎಂದು ನನ್ನ ಹೆಂಡತಿಗಾಗಿ ಎಲೆಯಲ್ಲಿ ಕಟ್ಟಿಕೊಟ್ಟಳು.

ಆ ದಿನವೇ ಸಂಶೋಧನಾಲಯಕ್ಕೆ ಪತ್ರ ಬರೆದೆ. ತಪ್ಪು ವಿದ್ಯಾರ್ಥಿನಿಯದಲ್ಲ, ನನ್ನ ಸಹಿಯದು ಎಂದು ನಾಲ್ಕು ಪುಟ ವಿವರಿಸಿದೆ. ಹಂಚಿನಮನಿ ಬಾಯಾರು ಓದಿ, ಕೆಳಗೆ ತಮ್ಮ ಸಹಿಯನ್ನೂ ಹಾಕಿ ಕಳಿಸಿದರು. ಉತ್ತರ ಬರುವವರೆಗೆ ಹನ್ನೊಂದು ದಿನ ನಾನು ಬಸ್ ನಿಲ್ದಾಣದ ಮುಂದೆ ಹಾದುಹೋದೆ. ಪ್ರತಿ ದಿನ ಸೈಕಲ್ ಅಂಗಡಿಯ ಎದುರಿಗೆ ನಿಧಾನ ಮಾಡುತ್ತಿದ್ದೆ, ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿದ ಕೂಡಲೇ ಪೆಡಲು ತುಳಿಯುತ್ತಿದ್ದೆ. ಹನ್ನೆರಡನೆಯ ದಿನ ಉತ್ತರ ಬಂತು. ತಮ್ಮ ಪತ್ರ ಪೂರ್ತಿಯಾಗಿ ಅರ್ಥವಾಗಲಿಲ್ಲ, ನಿಯಮ ಸಡಿಲಿಸಲು ಬರುವುದಿಲ್ಲ, ವಿದ್ಯಾರ್ಥಿನಿಗೆ ಶುಭವಾಗಲಿ. ನೀಲವ್ವ ಅದನ್ನು ಓದಿ, ಮೊದಲಿನ ಪತ್ರದ ಜೊತೆಗೆ ಮಡಚಿ ಇಟ್ಟುಕೊಂಡಳು. ಮಧ್ಯಾಹ್ನದ ತರಗತಿಗೆ ಜಿರಲೆ ಬೇಕಲ್ಲ, ಹಿಡಿದು ತರುತ್ತೇನೆ ಎಂದು ಡಬ್ಬಿ ತೆಗೆದುಕೊಂಡು ಹೋದಳು. ಬಾಯಾರು ಅವಳನ್ನು ವಿಭಾಗದಲ್ಲಿ ಸಹಾಯಕಿಯಾಗಿ ಇಟ್ಟುಕೊಂಡಿದ್ದರು.

ಆ ಸಂಜೆ ನಾನು ವಿಭಾಗದ ಹಿಂದೆ ನಿಂತು ನನ್ನ ಸೈಕಲ್ಲಿನ ಹಿಂದಿನ ಗಾಲಿಯ ಗಾಳಿಯನ್ನು ನಾನೇ ಬಿಟ್ಟೆ. ಆಮೇಲೆ ಅದನ್ನು ತಳ್ಳಿಕೊಂಡು ಈರಪ್ಪನ ಅಂಗಡಿಗೆ ಹೋದೆ. ಅವನ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು.

“ಬರ್ರಿ ಸರ” ಅಂದ, ನಿನ್ನೆ ತಾನೇ ಬಂದು ಹೋದವನೊಬ್ಬನಿಗೆ ಹೇಳುವಂತೆ. ಗಾಲಿಯನ್ನು ಒತ್ತಿ ನೋಡಿ ಮುಗುಳ್ನಕ್ಕ. “ಪಂಕ್ಚರ್ ಇಲ್ಲ. ಯಾರೋ ಗಾಳಿ ಬಿಟ್ಟಾರ.”

“ನಾನ ಬಿಟ್ಟೀನಿ.”

ಅವನು ಪಂಪು ತೆಗೆದುಕೊಂಡು ಕೂತ. ನಾನು ನಿಂತೇ ಇದ್ದೆ. “ನೀ ಗೆರಿ ಬಿಟ್ಟಿದ್ದಿ ಈರಪ್ಪ” ಅಂದೆ. ಇದನ್ನು ಹೇಳಲು ಹನ್ನೆರಡು ದಿನ ಹಿಡಿದಿತ್ತು, ಅಥವಾ ಹತ್ತೊಂಬತ್ತು ವರ್ಷ.

“ಹೌದ್ರಿ.”

“ಯಾವಾಗ ತಿಳೀತು ನಿನಗ?”

“ಅವತ್ತ ಸಂಜೀಕ. ಮನ್ಯಾಗ ಪುಸ್ತಕಾ ತಗದ ನೋಡಿದ್ನಿ. ಪೆನ್ಸಿಲ್ ಗೆರಿ ನಡುವ ಒಂದ ಮಸಿ ಗೆರಿ.”

“ಮತ್ತ ಬಂದು ನನ್ನ ಮಾರಿ ಮ್ಯಾಲ ಒಗೀಬೇಕಿತ್ತಲ್ಲೋ.”

ಅವನು ಪಂಪು ಒತ್ತುತ್ತಲೇ ಇದ್ದ. “ಬರಬೇಕಂತ ಎದ್ದಿದ್ನಿರಿ. ನಿಮಗ ಗೊತ್ತಾದ್ರ ನೀವು ನೌಕರಿ ಬಿಟ್ಟ ಹೋಗಾವ್ರು. ನನಗ ಗೊತ್ತಿತ್ತು ನಿಮ್ಮ ಸ್ವಭಾವ. ಆ ಡಿಪಾರ್ಟ್‌ಮೆಂಟ್‌ನ್ಯಾಗ ಬಿಡೂದು ಕಲಸಾವ್ರು ನೀವೊಬ್ಬರ. ನೀವ ಹೋದ್ರ ವರ್ಷಕ್ಕ ಹತ್ತು ಜೀವ ಹೋಗ್ತಿದ್ವು.” ಗಾಲಿಯನ್ನು ಬೆರಳಿನಿಂದ ತಟ್ಟಿದ. “ಒಂದ ಬೆಂಡಿ ಹೋಗಿದ್ದು ಹೋತು ಅಂದ್ನಿ.”

ಆ ಪುಸ್ತಕ ಇದೆಯೇ ಎಂದು ಕೇಳಿದೆ. ಇತ್ತು. ಕೈ ಒರೆಸಿಕೊಂಡು, ಒಳಗಿನ ಹಲಗೆಯ ಮೇಲಿನಿಂದ ತಂದ. ಗ್ರೀಸು ಹತ್ತದಂತೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ. ಬೆಂಡೆಯ ಹೂವು ಮಂಕಾಗಿರಲಿಲ್ಲ. ಕೆಳಗೆ ನನ್ನ ಹೆಸರು, ಹೆಸರಿನಿಂದ ಮೇಲೇರಿ ಪುಷ್ಪಪತ್ರದ ಅಂಚಿಗೆ ಸರಿಯಾಗಿ ಕೂತ ತೊಟ್ಟು. ಪಕ್ಕದಲ್ಲಿ ಕೆಂಪಿನಲ್ಲಿ ನಾನು ಹಾಕಿದ ಸೊನ್ನೆ. ಜೇಬಿನಿಂದ ಕೆಂಪು ಪೆನ್ಸಿಲು ತೆಗೆದು ಸೊನ್ನೆಯನ್ನು ಹೊಡೆದುಹಾಕಿದೆ, ಮೂವತ್ತೊಂಬತ್ತು ಎಂದು ಬರೆದೆ. ತಿದ್ದಿದ ಅಂಕಕ್ಕೆ ಸಹಿ ಬೇಕು, ಅದು ನಿಯಮ. ಮಸಿಯ ಪೆನ್ನು ತೆಗೆದೆ. ‘ಮೆಣಸಿನಕಾಯಿ’ ಎಂದು ಸಣ್ಣದಾಗಿ ಬರೆದು, ಕೊನೆಯ ಅಕ್ಷರ ಮುಗಿಯುತ್ತಲೇ ತೊಟ್ಟು ಎಳೆಯದೆ ಕೈ ಎತ್ತಿದೆ.

ಈರಪ್ಪ ನನ್ನ ಭುಜದ ಮೇಲಿಂದ ಬಗ್ಗಿ ನೋಡಿದ.

“ಎಳೀರಿ ಸರ, ಇದರಾಗರ ಎಳೀರಿ” ಅಂದ. “ಬೆಂಡಿ ಹ್ಯಾಂಗೂ ಇಲ್ಲ.”